ಅದೇ ಗೇರು ಮತ್ತೆ ಮತ್ತೆ ಮುರಿಯುತ್ತಿದ್ದರೆ

ಲಕ್ಕುಂಡಿಯ ಊರು ದಾಟಿದರೆ ಎರೆ ಹೊಲ, ಶಿರಹಟ್ಟಿ, ಮುಂಡರಗಿ ಕಡೆ ಹೊರಳಿದರೆ ಮಸಾರಿ, ಗುಡ್ಡದ ಬುಡಕ್ಕೆ ಹೋದರೆ ಗರಸು. ರಿಮೋಟ್ ಕಾರು ಓಡಿಸುವವರಿಗೆ ಇಂಥ ನೆಲ ಹಬ್ಬ, ಕಾರಿನ ಗೇರುಗಳಿಗೆ ಶಿಕ್ಷೆ. ಸ್ಪರ್ ಗೇರು ಮುರಿಯಿತು, ಆನ್‌ಲೈನಿನಲ್ಲಿ ತರಿಸಿದಿರಿ, ಹಾಕಿದಿರಿ, ಮುಂದಿನ ಭಾನುವಾರ ಅದೇ ಮುರಿಯಿತು. ಇನ್ನೊಂದು ತರಿಸುವ ಮೊದಲು ಇಷ್ಟು ಮಾಡಿ.

1. ಮುರಿದ ಗೇರನ್ನು ಎಸೆಯಬೇಡಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಬೆಳಕಿಗೆ ಹಿಡಿಯಿರಿ. ಒಂದೆರಡು ಹಲ್ಲು ಬುಡಸಮೇತ ಹಾರಿ, ಉಳಿದವು ಹೊಸದರಂತೆಯೇ ಇದ್ದರೆ ಅದು ಏಟು: ಜಿಗಿತ, ಕಲ್ಲು, ಇಲ್ಲವೇ ಮುಂದೆ ಓಡುತ್ತಿರುವಾಗಲೇ ಕೊಟ್ಟ ರಿವರ್ಸ್. ಎಲ್ಲ ಹಲ್ಲುಗಳ ತುದಿ ಮಾತ್ರ ಸವೆದಿದ್ದರೆ ಪಿನಿಯನ್ (ಮೋಟಾರಿನ ಮೇಲಿನ ಚಿಕ್ಕ ಗೇರು) ದೂರ ಕೂತಿದೆ. ಹಲ್ಲಿನ ಒಂದೇ ಅಂಚು ತಿಂದಿದ್ದರೆ ಮೋಟಾರು ವಾರೆಯಾಗಿದೆ, ಅಥವಾ ಪಿನಿಯನ್ ಅರ್ಧ ಅಗಲಕ್ಕೆ ಮಾತ್ರ ತಾಗುತ್ತಿದೆ. ಹಲ್ಲುಗಳು ತೆಳ್ಳಗಾಗಿ ಚೂಪಾಗಿದ್ದರೆ ದೂಳು ಅರೆದಿದೆ. ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಕಡೆ ವಾಲಿದ್ದರೆ ಬಿಸಿ. ಐದೂ ಬೇರೆ ಬೇರೆ ಕಾಯಿಲೆ; ಹೊಸ ಗೇರು ಹಾಕಿದ ಮಾತ್ರಕ್ಕೆ ಇವುಗಳಲ್ಲಿ ಒಂದೂ ವಾಸಿಯಾಗುವುದಿಲ್ಲ.

2. ಮೊದಲು ಬೇರಿಂಗ್ ಹಿಡಿಯಿರಿ. ಚಕ್ರ ಬಿಚ್ಚಿ ಆಕ್ಸಲ್ಲನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಅಥವಾ ತಿರುಗಿಸುವಾಗ ಮರಳು ಅರೆದ ಹಾಗೆ ಕೈಗೆ ಹತ್ತಿದರೆ ಆ ಬೇರಿಂಗ್ ಮುಗಿದಿದೆ. ಬೇರಿಂಗ್ ಸಡಿಲಾದರೆ ಶಾಫ್ಟ್ ಜರುಗುತ್ತದೆ, ಶಾಫ್ಟ್ ಜರುಗಿದರೆ ಹಲ್ಲುಗಳು ತುದಿಯಲ್ಲಷ್ಟೇ ಕೂಡುತ್ತವೆ, ಕೊನೆಗೆ ಮುರಿಯುವುದು ಗೇರು, ಬೈಗುಳವೂ ಗೇರಿಗೇ. ಕಪ್ಪತಗುಡ್ಡದ ಮೇಲೆ ತಿರುಗುವ ಆ ದೊಡ್ಡ ಗಾಳಿಯಂತ್ರಗಳಂಥವುಗಳಲ್ಲೂ ಗೇರ್‌ಬಾಕ್ಸಿನ ತೊಂದರೆ ಹೆಚ್ಚಾಗಿ ಬೇರಿಂಗಿನಿಂದಲೇ ಶುರುವಾಗುತ್ತದೆ. ಕೊಳ್ಳುವಾಗ ಕಾರಿನ ಹೆಸರು ಹೇಳಬೇಡಿ, ಅಳತೆ ಹೇಳಿ: ಒಳವ್ಯಾಸ, ಹೊರವ್ಯಾಸ, ದಪ್ಪ. 1/10 ಅಳತೆಯ ಎಷ್ಟೋ ಕಾರುಗಳಲ್ಲಿ 5×11×4 ಮಿ.ಮೀ. ಬೇರಿಂಗ್ ಇರುತ್ತದೆ. ವರ್ನಿಯರ್ ಇಟ್ಟು ಖಾತ್ರಿ ಮಾಡಿಕೊಳ್ಳಿ, ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ.

3. ಪಿನಿಯನ್ ಕೂರಿಸಲು ನೋಟ್‌ಬುಕ್ಕಿನ ಹಾಳೆ ಸಾಕು. ಬೆರಳಗಲದ ಪಟ್ಟಿ ಹರಿದು ಎರಡು ಗೇರುಗಳ ನಡುವೆ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಆಮೇಲೆ ಕೈಯಿಂದ ತಿರುಗಿಸುತ್ತ ಪಟ್ಟಿ ಹೊರತೆಗೆಯಿರಿ. ಅದು ನೆರಿಗೆ ನೆರಿಗೆಯಾಗಿ ಬರಬೇಕು, ಹರಿಯಬಾರದು. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ, ಸ್ಪರ್ ಗೇರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ. ಮೋಟಾರಿನ ಸ್ಕ್ರೂಗಳಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕ್ ಹಾಕಿ. ಪ್ಲಾಸ್ಟಿಕ್ಕಿಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತವೆ.

4. ಹಲ್ಲಿನ ಅಳತೆ ಹೊಂದುತ್ತದೆಯೇ ನೋಡಿ. 32 ಪಿಚ್ ಮತ್ತು 0.8 ಮಾಡ್ಯೂಲ್ ಹೆಚ್ಚುಕಡಿಮೆ ಒಂದೇ. 48 ಪಿಚ್ ಗೇರಿಗೆ 0.6 ಮಾಡ್ಯೂಲ್ ಪಿನಿಯನ್ ಕೂಡಿಸಿದರೆ ಮೊದಲ ಬ್ಯಾಟರಿ ಮುಗಿಯುವುದರೊಳಗೆ ಗೇರು ಮುಗಿದಿರುತ್ತದೆ.

5. ಎಲ್ಲವನ್ನೂ ಉಕ್ಕು ಮಾಡಬೇಡಿ. ಟ್ರ್ಯಾಕ್ಟರ್ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋಟಾವೇಟರಿನ ಪಿಟಿಓ ಶಾಫ್ಟಿನಲ್ಲಿ ಒಂದು ಬೋಲ್ಟ್ ಇರುತ್ತದೆ. ಬ್ಲೇಡಿಗೆ ಕಲ್ಲು ಸಿಕ್ಕಾಗ ಕತ್ತರಿಸಿಹೋಗುವುದೇ ಅದರ ಕೆಲಸ. ಪದೇ ಪದೇ ಹೋಗುತ್ತದೆಂದು ಬೇಸತ್ತು ಯಾರಾದರೂ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಹೋಗುವುದು ಗೇರ್‌ಬಾಕ್ಸ್. ಕಾರಿನಲ್ಲೂ ಹಾಗೆಯೇ: ಸ್ಪರ್ ಉಕ್ಕಾದರೆ ಏಟು ಡಿಫರೆನ್ಷಿಯಲ್ಲಿಗೆ, ಡಿಫರೆನ್ಷಿಯಲ್ ಉಕ್ಕಾದರೆ ಡ್ರೈವ್ ಶಾಫ್ಟಿಗೆ, ಅದೂ ಉಕ್ಕಾದರೆ ಆಕ್ಸಲ್ ಹಿಡಿದ ಹಬ್ಬಿಗೆ. ಯಾವುದು ಮುರಿಯಬೇಕು ಎಂಬುದನ್ನು ನೀವೇ ತೀರ್ಮಾನಿಸಿ: ಅಗ್ಗವಾಗಿರಲಿ, ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಸಿಗುವಂತಿರಲಿ. ಹೆಚ್ಚಿನ ಕಾರುಗಳಲ್ಲಿ ಅದು ಪ್ಲಾಸ್ಟಿಕ್ ಸ್ಪರ್ ಗೇರು. ‘ಫುಲ್ ಮೆಟಲ್ ಅಪ್‌ಗ್ರೇಡ್ ಕಿಟ್’ ಮಾರುವವರು ಇದನ್ನು ಹೇಳುವುದಿಲ್ಲ.

6. ಸ್ಲಿಪ್ಪರ್ ಕ್ಲಚ್ ಇದ್ದರೆ ಅದಕ್ಕೆ ಜಾರಲು ಬಿಡಿ. ನಟ್ಟನ್ನು ಕೊನೆಯವರೆಗೆ ಬಿಗಿದವರ ಕಾರಿನಲ್ಲಿ ಕ್ಲಚ್ ಇದ್ದೂ ಇಲ್ಲ. ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಸಡಿಲಿಸಿ. ಬ್ಯಾಟರಿ ತೆಗೆದು, ಚಕ್ರಗಳನ್ನು ಗಟ್ಟಿಯಾಗಿ ಹಿಡಿದು ಹೆಬ್ಬೆರಳಿನಿಂದ ಸ್ಪರ್ ಗೇರನ್ನು ನೂಕಿ; ಜೋರು ಹಾಕಿದಾಗ ಜಾರಬೇಕು.

7. ಬ್ಯಾಟರಿ ಬದಲಿಸಿದರೆ ಪಿನಿಯನ್ನೂ ಬದಲಿಸಿ. 7.4 ವೋಲ್ಟಿನಿಂದ 11.1 ವೋಲ್ಟಿಗೆ ಹೋದರೆ ಅದೇ ಮೋಟಾರಿನ ವೇಗ ಒಂದೂವರೆ ಪಟ್ಟು, ಗರಿಷ್ಠ ಶಕ್ತಿ ಎರಡು ಪಟ್ಟಿಗೂ ಮೀರಿ ಏರಬಲ್ಲದು. ಗೇರು ಮಾತ್ರ ಅದೇ ಹಳೆಯದು. ಒಂದೆರಡು ಹಲ್ಲು ಕಡಿಮೆ ಇರುವ ಪಿನಿಯನ್ ಹಾಕಿ. ದೊಡ್ಡ ಟೈರು ಹಾಕಿದಾಗಲೂ ಇದೇ ಲೆಕ್ಕ: ವ್ಯಾಸ ಶೇ. 10 ಹೆಚ್ಚಿದರೆ ಗೇರಿನ ಮೇಲಿನ ಭಾರವೂ ಅಷ್ಟೇ ಹೆಚ್ಚುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಡುವೆ ನಿಲ್ಲಿಸಿ ಮೋಟಾರು ಮುಟ್ಟಿನೋಡಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಅದೇ ಬಿಸಿ ಪಿನಿಯನ್ ಮೂಲಕ ಪ್ಲಾಸ್ಟಿಕ್ ಹಲ್ಲಿಗೂ ಹೋಗುತ್ತಿದೆ.

8. ಜಿಗಿದಾಗ ನೆಲ ಮುಟ್ಟುವ ಮೊದಲೇ ಥ್ರಾಟಲ್ ಬಿಡಿ. ಗಾಳಿಯಲ್ಲಿ ಬರ್ರೆಂದು ತಿರುಗುವ ಚಕ್ರವನ್ನು ನೆಲ ಒಮ್ಮೆಲೇ ಹಿಡಿದು ನಿಲ್ಲಿಸುತ್ತದೆ. ಡಾಗ್‌ಬೋನ್ (ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್) ಬಾಗುವುದು, ಪಿನ್ ತುಂಡಾಗುವುದು ಆಗಲೇ. ರಿವರ್ಸಿಗೂ ಕಾರು ಪೂರ್ತಿ ನಿಂತ ಮೇಲೇ ಹೋಗಿ. ಮಕ್ಕಳ ಕೈಗೆ ರಿಮೋಟ್ ಕೊಡುವ ಮುಂಚೆ ಇದೊಂದನ್ನು ಹೇಳಿಕೊಡಿ, ಅರ್ಧ ಖರ್ಚು ಉಳಿಯುತ್ತದೆ.

9. ನೆಲಕ್ಕೆ ತಕ್ಕ ಗ್ರೀಸು. ಮುಚ್ಚಿದ ಡಿಫರೆನ್ಷಿಯಲ್ ಒಳಗೆ ಗ್ರೀಸು ಇಲ್ಲವೇ ಎಣ್ಣೆ ಬೇಕೇ ಬೇಕು. ತೆರೆದಿರುವ ಸ್ಪರ್ ಗೇರಿಗೆ ಗ್ರೀಸು ಸವರಿದಿರೋ, ಮಸಾರಿಯ ದೂಳು ಅದರಲ್ಲಿ ಕಲೆತು ವಾಲ್ವ್ ಅರೆಯುವ ಪೇಸ್ಟ್ ಆಗುತ್ತದೆ. ಪ್ಲಾಸ್ಟಿಕ್ ಸ್ಪರ್ ಒಣಗಿಯೇ ಓಡಲಿ, ಮೇಲಿನ ಮುಚ್ಚಳ ಮಾತ್ರ ತಪ್ಪದೆ ಇರಲಿ. ಎರೆಯದು ಬೇರೆ ಗೋಳು. ಹಸಿಯಿದ್ದಾಗ ಚಕ್ರದೊಳಗೆ ಮೆತ್ತಿಕೊಂಡು ತೂಕ ಹೆಚ್ಚಿಸುತ್ತದೆ, ಒಣಗಿದ ಮೇಲೆ ಹೆಂಟೆಯಾಗಿ ಡಾಗ್‌ಬೋನಿನ ಕಪ್ಪಿನಲ್ಲಿ ಸಿಕ್ಕುತ್ತದೆ. ಹಸಿ ಎರೆಯಲ್ಲಿ ಓಡಿಸಬೇಡಿ, ಅಷ್ಟೇ. ಹತ್ತಿ ಬಿಡಿಸಿದ ಹೊಲದಲ್ಲಿ ಓಡಿಸಿ ಬಂದ ಮೇಲೆ ಚಕ್ರ ತೆಗೆದು ನೋಡಿ: ಅರಳೆಯ ಎಳೆ ಆಕ್ಸಲ್ಲಿಗೆ ಸುತ್ತಿಕೊಂಡು ಬೇರಿಂಗಿನ ಸೀಲನ್ನು ಒಳಗೆ ತಳ್ಳಿರುತ್ತದೆ. ಚಿಮುಟದಿಂದ ಎಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಬೇಡ, ಅದು ದೂಳನ್ನು ತೆಗೆಯುವ ಬದಲು ಬೇರಿಂಗಿನೊಳಗೆ ಕಳಿಸುತ್ತದೆ.

10. ಡಿಫರೆನ್ಷಿಯಲ್ ಕಟಕಟ ಅನ್ನುತ್ತಿದ್ದರೆ ಹೊಸ ಕ್ರೌನ್ ಗೇರಿಗಿಂತ ಮೊದಲು 0.1 ಮಿ.ಮೀ. ಶಿಮ್ ಹಾಕಿ ನೋಡಿ. ಕೂದಲೆಳೆಯಷ್ಟು ಆಟ ಉಳಿಯಬೇಕು. ಪೂರ್ತಿ ಬಿಗಿಯಾದರೆ ಬಿಸಿಯೇರುತ್ತದೆ.

11. ಶಾಫ್ಟ್ ಸೊಟ್ಟಗಿದೆಯೇ ನೋಡಿ. ತಿರುಗುವ ಶಾಫ್ಟಿನ ಪಕ್ಕದಲ್ಲಿ ಪೆನ್ನಿನ ತುದಿಯನ್ನು ಅಲುಗದಂತೆ ಹಿಡಿಯಿರಿ. ಒಂದು ಕಡೆ ತಾಗಿ ಇನ್ನೊಂದು ಕಡೆ ತಪ್ಪಿದರೆ ಬಾಗಿದೆ. ಸುತ್ತಿಗೆಯಿಂದ ನೆಟ್ಟಗೆ ಮಾಡುವ ಸಾಹಸ ಬೇಡ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದವರು ತಿರುಗಣಿಗೆ ಹಾಕಿ ಕಡೆದ ಕಲ್ಲುಕಂಬಗಳಿವೆ. ನಡುಗೆರೆ ತಪ್ಪದೆ ಕಡೆಯುವುದು ಎಂದರೇನೆಂದು ಹೋಗಿ ನೋಡಿ, ಕಾರನ್ನು ಮಾತ್ರ ಗುಡಿಯ ಆವರಣದ ಹೊರಗೇ ಬಿಡಿ. ನೇರ ಶಾಫ್ಟ್, ಬುಶ್, ಪಿನ್ ಇವನ್ನು ಲೇತ್ ಅಂಗಡಿಯಲ್ಲಿ ಕಡೆಸಿಕೊಳ್ಳಬಹುದು. ಗೇರಿನ ಹಲ್ಲು ಕೊರೆಯಲು ಅದರದೇ ಕಟರ್ ಬೇಕು, ಅದನ್ನು ಕೊಂಡೇ ತನ್ನಿ.

12. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಎಷ್ಟೇ ಚೆಂದದ ಏರು ಕಂಡರೂ ಕಾರು ಅಲ್ಲಿಗೆ ಒಯ್ಯಬೇಡಿ. ಕಡಲೆ ಕಿತ್ತ ಸ್ವಂತ ಹೊಲವೋ ರಜೆಯ ದಿನ ಕೇಳಿಕೊಂಡ ಶಾಲೆಯ ಮೈದಾನವೋ ಸಾಕು.

13. ಆರ್ಡರ್ ಮಾಡುವ ಕ್ರಮ: ಬೇರಿಂಗ್ ಸೆಟ್ ಮೊದಲು, ಒಂದು ಹಲ್ಲು ಕಡಿಮೆಯ ಪಿನಿಯನ್ ಆಮೇಲೆ, ಸ್ಪರ್ ಗೇರು ಕೊನೆಗೆ, ಅದೂ ಎರಡು.