ಪವರ್ ಸಪ್ಲೈಯ ಸವೆದ ಫ್ಯಾನು

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಮಲೆನಾಡಿನ ಊರುಗಳಲ್ಲಿ ಮಳೆಗಾಲದ ತೇವವೂ ಬೇಸಿಗೆಯ ಧೂಳೂ ಯಂತ್ರಗಳಿಗೆ ಶತ್ರುಗಳೇ. ಹಳೆಯ ಕಂಪ್ಯೂಟರನ್ನು ಚಾಲನೆಗೊಳಿಸಿದೊಡನೆ ಅದರ ಪವರ್ ಸಪ್ಲೈಯಿಂದ ಗರಗರ ಸದ್ದು ಹೊರಟು, ಕೆಲವು ನಿಮಿಷಗಳಲ್ಲಿ ಅಡಗುವುದುಂಟು. ಸದ್ದು ನಿಂತಿತೆಂದು ನಾವು ಸಮಾಧಾನಪಡಬಾರದು. ಬೇರಿಂಗಿನಲ್ಲಿ ಉಳಿದ ಅಲ್ಪಸ್ವಲ್ಪ ಎಣ್ಣೆಯು ಬಿಸಿಯಿಂದ ತೆಳುವಾಗಿ ಹರಡಿದೆ, ಅಷ್ಟೆ. ಸವೆತವು ಹಾಗೆಯೇ ಇದೆ.

ಫ್ಯಾನು ನಿಂತರೆ ಏನಾಗುವುದು? ಪವರ್ ಸಪ್ಲೈಯ ದಕ್ಷತೆ ಶೇಕಡಾ 80 ಎನ್ನೋಣ. ಕಂಪ್ಯೂಟರಿಗೆ 200 ವಾಟ್ ಒದಗಿಸಲು ಅದು 250 ವಾಟ್ ಸೆಳೆಯುತ್ತದೆ. ಉಳಿದ 50 ವಾಟ್ ಆ ಸಣ್ಣ ಪೆಟ್ಟಿಗೆಯೊಳಗೆ ಶಾಖವಾಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯವು ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕಿಳಿಯುತ್ತದೆ.

ಹೊಸ ಫ್ಯಾನು ಹಾಕುವುದು ಸುಲಭ. ಪೆಟ್ಟಿಗೆ ತೆರೆಯುವುದೇ ಅಪಾಯ. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶೃಂಗಮೌಲ್ಯವು ಅದರ 1.414 ಪಟ್ಟು, ಅಂದರೆ ಸುಮಾರು 325 ವೋಲ್ಟ್. ದೊಡ್ಡ ಕೆಪಾಸಿಟರು ಈ ಮಟ್ಟದ ವಿದ್ಯುತ್ತನ್ನು ತುಂಬಿಕೊಂಡಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಕೂಡಲೇ ಬರಿದಾಗದು. ಬರಿದುಮಾಡಲು ಇಟ್ಟಿರುವ ರೆಸಿಸ್ಟರು ಕೆಟ್ಟಿದ್ದರಂತೂ ಬಹಳ ಹೊತ್ತು ಉಳಿಯಬಹುದು. ಅದರ ಹೊಡೆತ ಪ್ರಾಣಾಂತಿಕವಾಗಬಲ್ಲದು. ಆದಕಾರಣ ಪ್ಲಗ್ ಕಿತ್ತು, ಅರ್ಧ ಗಂಟೆ ಕಾದು, ಬಳಿಕ ಮಲ್ಟಿಮೀಟರಿನಿಂದ ಪ್ರತಿಯೊಂದು ದೊಡ್ಡ ಕೆಪಾಸಿಟರಿನ ನೇರ ವೋಲ್ಟೇಜನ್ನು ಅಳೆಯಬೇಕು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ಸಾಹಸ ಬೇಡವೇ ಬೇಡ. ಮೀಟರು ಬಳಸಲರಿಯದ ವಿದ್ಯಾರ್ಥಿಗಳು ಅನುಭವಿಗಳ ಪಕ್ಕದಲ್ಲಿ ನಿಂತು ನೋಡಿ ಕಲಿಯಲಿ.

ಹಳೆಯ ಫ್ಯಾನಿನ ಮೇಲಿನ ಚೀಟಿಯನ್ನು ಓದಿಕೊಳ್ಳೋಣ. ಸಾಮಾನ್ಯವಾಗಿ ಅದು 12 ವೋಲ್ಟಿನದು. ಅಗಲ 80 ಅಥವಾ 120 ಮಿಲಿಮೀಟರ್. ಹೊಸದು ಅದೇ ಅಳತೆಯದು, ಅದೇ ವೋಲ್ಟಿನದು, ಹತ್ತಿರದ ಆಂಪಿಯರಿನದು ಆಗಿರಬೇಕು. ಬಾಲ್ ಬೇರಿಂಗಿನದಾದರೆ ಬಿಸಿಯಲ್ಲಿ ಹೆಚ್ಚು ಕಾಲ ಬಾಳುತ್ತದೆ. ಹಳೆಯದಕ್ಕೇ ಒಂದು ತೊಟ್ಟು ಎಣ್ಣೆ ಬಿಟ್ಟು ದಿನ ತಳ್ಳುವವರುಂಟು. ಅದು ನಮಗೆ ಒಪ್ಪಿಗೆಯಿಲ್ಲ.

ನಾಲ್ಕು ಸ್ಕ್ರೂ ಬಿಚ್ಚುವ ಮುನ್ನ ಗಾಳಿಯ ದಿಕ್ಕನ್ನು ಗುರುತುಮಾಡಿಕೊಳ್ಳಬೇಕು. ಹಲವು ಫ್ಯಾನುಗಳ ಅಂಚಿನಲ್ಲಿ ಬಾಣದ ಗುರುತಿರುತ್ತದೆ. ಕೆಂಪು ತಂತಿ ಧನ, ಕಪ್ಪು ಋಣ. ಬೆಸುಗೆಯ ಜಾಗಕ್ಕೆ ನಿರೋಧಕ ಕೊಳವೆ ತೊಡಿಸಿ, ತಂತಿಯು ರೆಕ್ಕೆಗೆ ತಾಗದಂತೆ ಸರಿಸಿ, ಮುಚ್ಚಳವನ್ನು ಪೂರ್ತಿ ಬಿಗಿದ ನಂತರವೇ ವಿದ್ಯುತ್ತು ಕೊಡೋಣ. ಹಿಂಬದಿಯ 80 ಮಿಲಿಮೀಟರಿನ ಫ್ಯಾನು ಗಾಳಿಯನ್ನು ಹೊರಗೆ ತಳ್ಳಬೇಕು. ಜಾಲರಿಯ ಮುಂದೆ ಹಿಡಿದ ತೆಳುಕಾಗದವು ಹೊರಕ್ಕೆ ಬಾಗುತ್ತದೆ. ಜಾಲರಿಗೇ ಅಂಟಿಕೊಂಡರೆ ಫ್ಯಾನು ತಿರುಗುಮುರುಗಾಗಿದೆ. ಮತ್ತೆ ಪ್ಲಗ್ ಕಿತ್ತು, ಅರ್ಧ ಗಂಟೆ ಕಾದು, ಮೊದಲಿನಿಂದ ಅಳೆಯಬೇಕು.