ಕತ್ತೆ : ಒಂದು ಪದದ ವಿಚಾರ



ಒಂದು ದಿನ ಸಂಧಿಪ್ರಕರಣವನ್ನು ಬೋಧಿಸುತ್ತಿದ್ದಾಗ, ಮೂರನೆಯ ಸಲವೂ ಪುಸ್ತಕ ಮರೆತು ಬಂದಿದ್ದ ಹುಡುಗನೊಬ್ಬನನ್ನು ನಾನು ‘ಕತ್ತೆ’ ಎಂದು ಗದರಿದೆನು. ತರಗತಿ ನಕ್ಕಿತು. ಹುಡುಗನು ಮಾತ್ರ ನಗಲೂ ಇಲ್ಲ, ನಾಚಲೂ ಇಲ್ಲ. “ನಮ್ಮ ಅಜ್ಜನ ಮನ್ಯಾಗ ಐದು ಕತ್ತಿ ಅದಾವ್ರೀ ಸರ್. ಒಂದೂ ಕೆಲಸ ತಪ್ಪಸಂಗಿಲ್ರೀ” ಎಂದನು. ತರಗತಿ ಮತ್ತೊಮ್ಮೆ ನಕ್ಕಿತು. ಈ ಸಲ ಅಜ್ಜನ ಮನೆಯಲ್ಲಿ ಐದು ಖಡ್ಗಗಳಿವೆಯೆಂದು ಭಾವಿಸಿ! ವಿಜಯಪುರದ ಕಡೆಯ ಆಡುಮಾತಿನಲ್ಲಿ ಪದಾಂತ್ಯದ ಎಕಾರವು ಇಕಾರವಾಗುವುದೆಂಬುದನ್ನು, ಮಂಗಳೂರಿನ ಕಡೆಯಿಂದ ಮುಂಬಯಿಗೆ ಬಂದ ಮನೆಗಳ ಮಕ್ಕಳು ಹೇಗೆ ಅರಿತಾರು? ನನಗೆ ಆಗ ಉತ್ತರ ತೋಚಲಿಲ್ಲ. ಅಂದು ಹೇಳಲಾರದುದನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಕತ್ತೆ’ ಎಂಬುದು ಎರವಲು ಪದವಲ್ಲ, ಅಚ್ಚಗನ್ನಡದ ಪದ. ಹಳಗನ್ನಡದಲ್ಲಿ ಇದರ ರೂಪ ‘ಕೞ್ತೆ’. ಈ ೞಕಾರವು ನಮ್ಮ ನಾಲಗೆಯಿಂದ ಎಂದೋ ಜಾರಿಹೋಯಿತು. ‘ಕೞ್ತಲೆ’ಯು ‘ಕತ್ತಲೆ’ಯಾದ ದಾರಿಯಲ್ಲಿಯೇ ‘ಕೞ್ತೆ’ಯೂ ನಡೆದು ‘ಕತ್ತೆ’ಯಾಯಿತು. ತಮಿಳರು ಆ ಧ್ವನಿಯನ್ನು ಕಾಪಾಡಿಕೊಂಡು ಇಂದಿಗೂ ‘ಕೞುದೈ’ ಎನ್ನುತ್ತಾರೆ. ತೆಲುಗಿನಲ್ಲಿ ‘ಗಾಡಿದ’, ತುಳುವಿನಲ್ಲಿ ನಮ್ಮಂತೆಯೇ ‘ಕತ್ತೆ’. ಸಂಸ್ಕೃತದಲ್ಲಿ ಖರ, ರಾಸಭ, ಗರ್ದಭ ಎಂಬ ಹೆಸರುಗಳಿವೆ. ವೃಷಭ, ಕರಭ, ಶರಭಗಳಲ್ಲಿ ಕಾಣುವ ‘ಭ’ ಎಂಬ ಪ್ರತ್ಯಯವೇ ಗರ್ದಭದಲ್ಲಿಯೂ ಇದೆ. ಅದನ್ನು ತೆಗೆದರೆ ಉಳಿಯುವ ‘ಗರ್ದ’ವು ದ್ರಾವಿಡ ಮೂಲದ್ದಿರಬೇಕೆಂದು ಕೆಲವು ವಿದ್ವಾಂಸರ ಮತ. ಗರ್ದಭದಿಂದ ಮರಾಠಿಯ ‘ಗಾಢವ’ ಬಂದಿತು. ಆ ಮತವು ಸರಿಯಾದರೆ, ಆಟದ ಬಯಲಿನಲ್ಲಿ ನಿಮ್ಮ ಕಿವಿಗೆ ಬೀಳುವ ‘ಗಾಢವ’ಕ್ಕೂ ನಾನಾಡಿದ ‘ಕತ್ತೆ’ಗೂ ದೂರದ ನಂಟುಂಟು.

ಹೆಸರಿನಲ್ಲಿ ಅವಮಾನವೇನೂ ಇರಲಿಲ್ಲವೆಂಬುದಕ್ಕೆ ಸಾಕ್ಷಿಗಳಿವೆ. ಋಗ್ವೇದದಲ್ಲಿ ಅಶ್ವಿನೀದೇವತೆಗಳ ರಥವನ್ನು ಎಳೆಯುವುದು ರಾಸಭ. ಶೀತಲಾದೇವಿಯ ವಾಹನವೂ ಕತ್ತೆಯೇ. ಅರುವತ್ತು ಸಂವತ್ಸರಗಳಲ್ಲಿ ಒಂದರ ಹೆಸರು ಖರ. 2011ರ ಯುಗಾದಿಯಂದು ಅದು ಬಂದಾಗ ಯಾರೂ ಮುಖ ಸಿಂಡರಿಸಲಿಲ್ಲ. ಹೇಸರ ಎಂಬುದರೊಡನೆ ಸೇರಿ, ಕಕಾರಕ್ಕೆ ಗಕಾರ ಆದೇಶವಾಗಿ, ‘ಹೇಸರಗತ್ತೆ’ ಎಂಬ ಪದವಾಗಿದೆ. (ಅಂದು ನಾನು ಬೋಧಿಸುತ್ತಿದ್ದುದು ಈ ಆದೇಶಸಂಧಿಯನ್ನೇ!)

ಗಾದೆಗಳಿಗೆ ಬಂದರೆ ನೋಟ ಬೇರೆಯಾಗುತ್ತದೆ. ‘ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ’ ಎನ್ನುತ್ತೇವೆ ನಾವು. ಮರಾಠಿಗರು ಕಸ್ತೂರಿಯ ಸ್ಥಾನದಲ್ಲಿ ಬೆಲ್ಲವನ್ನಿಟ್ಟು, ‘ಕತ್ತೆಗೆ ಬೆಲ್ಲದ ರುಚಿಯೇನು’ ಎಂದು ಕೇಳುತ್ತಾರೆ. ಹಿಂದಿಯವರು ಕತ್ತೆಯನ್ನು ಬಿಟ್ಟು, ಮಂಗನಿಗೆ ಶುಂಠಿಯ ರುಚಿ ತಿಳಿಯದೆಂದರು. ‘ಕಾರ್ಯವಾಸಿ ಕತ್ತೆಕಾಲು ಹಿಡಿ’ ಎಂಬ ನಮ್ಮ ಗಾದೆಗೆ ಮರಾಠಿಯಲ್ಲಿ ‘ಅಡಲಾ ಹರಿ ಗಾಢವಾಚೇ ಪಾಯ ಧರೀ’ ಎಂಬ ಜೋಡಿಯಿದೆ. ಹಿಂದಿ ಇನ್ನೂ ಮುಂದುವರಿದು, ವೇಳೆ ಬಂದರೆ ಕತ್ತೆಯನ್ನೂ ತಂದೆಯೆನ್ನಬೇಕು ಎನ್ನುತ್ತದೆ. ಶಿಶು ಕೃಷ್ಣನನ್ನು ಹೊತ್ತು ಸೆರೆಮನೆಯಿಂದ ಹೊರಟ ವಸುದೇವನು, ಅರಚಬೇಡವೆಂದು ಕತ್ತೆಯ ಕಾಲು ಹಿಡಿದನೆಂಬ ಕಥೆ ಜನರ ಬಾಯಲ್ಲಿದೆ. ಈ ಗಾದೆಗಳಲ್ಲೆಲ್ಲ ಕತ್ತೆಯ ದೋಷ ಯಾವುದು? ಕಸ್ತೂರಿಯನ್ನು ಅದರ ಮುಂದಿಟ್ಟವರು ನಾವು, ಅದು ಕೇಳಿದ್ದಿಲ್ಲ.

ಬೈಗುಳದ ವ್ಯಾಕರಣವೂ ಗಮನಾರ್ಹವಾದುದು. ‘ಆ ಹುಡುಗ ಎಲ್ಲಿಗೆ ಹೋದನು?’ ಎಂಬಲ್ಲಿ ಕ್ರಿಯಾಪದ ಪುಲ್ಲಿಂಗ. ಅವನನ್ನೇ ‘ಆ ಕತ್ತೆ ಎಲ್ಲಿಗೆ ಹೋಯಿತು?’ ಎಂದೊಡನೆ ನಪುಂಸಕಲಿಂಗ. ಒಂದು ಪ್ರತ್ಯಯದಲ್ಲಿ ಮನುಷ್ಯತ್ವವೇ ಹೋಗುತ್ತದೆ. ತಾಯಿಯು ಮಗುವನ್ನು ‘ಕತ್ತೆಮರಿ’ ಎಂದು ಮುದ್ದಿಸುವಾಗ ಹಾಗೆ ತೋರುವುದಿಲ್ಲ. ಪದವೊಂದೇ, ಕಂಠ ಬೇರೆ. ‘ಕತ್ತೆದುಡಿತ’ ಎಂಬ ಮಾತಿನಲ್ಲಿಯಂತೂ ಬೈಗುಳವಿಲ್ಲ, ಮರುಕವಿದೆ. ನಿಮ್ಮಲ್ಲಿ ಹಲವರು ತಂದೆಯ ಬಾಯಿಂದ ಈ ಮಾತನ್ನು ಕೇಳಿರಬಹುದು.

ಪದವು ಹೀಗೆ ಬಳಕೆಯಲ್ಲಿರಲು, ಪ್ರಾಣಿಯು ಮಾತ್ರ ಕಣ್ಮರೆಯಾಗುತ್ತಿದೆ. ಭಾರತದ ಜಾನುವಾರು ಗಣತಿಯಲ್ಲಿ 2012ರಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು; 2019ರಲ್ಲಿ ಸುಮಾರು 1.2 ಲಕ್ಷ. ಹೇರು ಹೊರುವ ಕೆಲಸವನ್ನು ವಾಹನಗಳು ಕಿತ್ತುಕೊಂಡವು. ನಗರದ ಮಗುವಿಗೆ ‘ಕತ್ತೆ’ಯು ಮೊದಲು ಬೈಗುಳವಾಗಿ ಪರಿಚಯವಾಗುತ್ತದೆ, ಅನಂತರ ಚಿತ್ರವಾಗಿ, ಪ್ರಾಣಿಯಾಗಿ ಎಂದೂ ಆಗದಿರಬಹುದು.

ಮರುದಿನ ನಾನು ಆ ಹುಡುಗನನ್ನು ಕರೆದು, ಅಜ್ಜನ ಕತ್ತೆಗಳ ವಿಷಯ ಹೇಳೆಂದೆನು. ಅಜ್ಜನು ಕುಂಬಾರನಂತೆ. ಕೆರೆಯಂಗಳದಲ್ಲಿ ಮಣ್ಣು ಹೇರಿ ಬೆನ್ನ ಮೇಲೊಮ್ಮೆ ತಟ್ಟಿದರೆ ಸಾಕು, ಹಿಂದೆ ಯಾರೂ ಹೋಗಬೇಕಾಗಿಲ್ಲ. ಅವು ತಾವಾಗಿಯೇ ಮನೆ ಸೇರಿ, ಹೇರು ಇಳಿಸುವವರೆಗೆ ಬಾಗಿಲಲ್ಲಿ ನಿಲ್ಲುವುವಂತೆ. ಹೇಳಲು ಮಾತು ಸಾಲದೆ ಅವನು ಕರಿಹಲಗೆಯ ಮೇಲೆ ಒಂದು ಕತ್ತೆಯನ್ನು ಬರೆದು ತೋರಿಸಿದನು. ಕಂಡವರು ಕೈಯೆತ್ತಿರೆಂದೆನು. ಮೂವತ್ತೆಂಟು ಮಕ್ಕಳಲ್ಲಿ ಕೈಯೆತ್ತಿದವರು ಆರೇ ಮಂದಿ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಅದು ಒದೆಯುವುದೇ ಎಂದು ಕೇಳಿದಳು. “ಬೈದ್ರ ಒದಿಯಂಗಿಲ್ಲ, ಹೊಡೆದ್ರ ಒದೀತದ” ಎಂದನು ಹುಡುಗ.