ನೀರುಗುಳ್ಳೆಯೆಲ್ಲ ಸರ್ಪಸುತ್ತಲ್ಲ

ಅವ್ವನಿಗೆ ಗುಳ್ಳೆ ಏಳುವ ಎಷ್ಟೋ ತಿಂಗಳ ಮುಂಚೆಯೇ ತುರಿಕೆ ಶುರುವಾಗಿತ್ತು. ಎಪ್ಪತ್ತು ದಾಟಿದವರ ಚರ್ಮ ಒಣಗುತ್ತದೆ ಎಂದು ಎಲ್ಲರೂ ಮುಲಾಮು ಕೊಟ್ಟು ಕಳಿಸುತ್ತಿದ್ದರು. ಆಮೇಲೆ ತೊಡೆ, ಹೊಟ್ಟೆ, ತೋಳಿನ ಮೇಲೆ ಬಿಗಿಯಾದ ನೀರುಗುಳ್ಳೆಗಳೆದ್ದವು. ನಮ್ಮ ಹಂಪಸಾಗರದಲ್ಲಿ ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಸರ್ಪಸುತ್ತು ಐತಿ, ಕೆಮ್ಮಣ್ಣು ಹಚ್ರಿ."

ಸರ್ಪಸುತ್ತು ವೈರಸ್ಸಿನಿಂದ ಬರುವಂಥದ್ದು. ನರದ ಜಾಡು ಹಿಡಿದು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ ಪಟ್ಟಿಯಾಗಿ ಏಳುತ್ತದೆ, ಉರಿ ವಿಪರೀತ. ಅವ್ವನಿಗೆ ಎರಡೂ ಮಗ್ಗುಲಲ್ಲಿ ಗುಳ್ಳೆ, ನೋವಿಗಿಂತ ತುರಿಕೆಯ ಕಾಟ. ಬಳ್ಳಾರಿಯ ಚರ್ಮರೋಗ ವೈದ್ಯರು ಇದನ್ನು ಗಮನಿಸಿ ಬುಲ್ಲಸ್ ಪೆಂಫಿಗಾಯ್ಡ್ ಇರಬಹುದು ಎಂದರು.

ಚರ್ಮದ ಮೇಲ್ಪದರ ಕೆಳಪದರಕ್ಕೆ ಕಚ್ಚಿಕೊಂಡಿರುವುದು ನಡುವಿನ ಒಂದು ತೆಳುಪೊರೆಯ ಬಲದಿಂದ. ಅಲ್ಲಿ ಬಿಪಿ180, ಬಿಪಿ230 ಎಂಬ ಪ್ರೋಟೀನುಗಳು ಹೊಲಿಗೆಯ ದಾರದಂತೆ ಎರಡನ್ನೂ ಹಿಡಿದಿರುತ್ತವೆ. ಈ ರೋಗದಲ್ಲಿ ದೇಹ ಇವುಗಳ ಮೇಲೆಯೇ ಪ್ರತಿಕಾಯ ತಯಾರಿಸುತ್ತದೆ, ಹಿಡಿತ ಬಿಟ್ಟು ನಡುವೆ ನೀರು ತುಂಬುತ್ತದೆ. ಪೂರ್ತಿ ಮೇಲ್ಪದರವೇ ಮುಚ್ಚಳವಾಗಿರುವುದರಿಂದ ಗುಳ್ಳೆ ಸುಲಭಕ್ಕೆ ಒಡೆಯುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚು ಕಾಣುವ ಪೆಂಫಿಗಸ್ ಎಂಬ ಇನ್ನೊಂದು ಗುಳ್ಳೆರೋಗದಲ್ಲಿ ಮೇಲ್ಪದರದ ಜೀವಕೋಶಗಳೇ ಒಂದನ್ನೊಂದು ಬಿಡುತ್ತವೆ. ಅದರ ಗುಳ್ಳೆ ಮೆತ್ತಗೆ, ಬೇಗ ಒಡೆಯುತ್ತದೆ, ಹಲವರಲ್ಲಿ ಬಾಯಿಂದಲೇ ಶುರು. 1953ರಲ್ಲಿ ವಾಲ್ಟರ್ ಲೀವರ್ ಈ ಎರಡನ್ನೂ ಬೇರೆ ಮಾಡಿ ತೋರಿಸಿದರು.

ಖಚಿತಪಡಿಸಲು ಚರ್ಮದ ಎರಡು ಚೂರು ಬೇಕು, ಮತ್ತು ರೋಗಿಯ ಕಡೆಯವರು ತಿಳಿದಿರಲೇಬೇಕಾದ ಸಂಗತಿ ಇದು. ಗುಳ್ಳೆಯ ಚೂರು ಫಾರ್ಮಲಿನ್‌ಗೆ ಹೋಗುತ್ತದೆ. ಗುಳ್ಳೆಯ ಪಕ್ಕದ ಚರ್ಮದ ಚೂರನ್ನು ಮಾತ್ರ ಮೈಕೆಲ್ ದ್ರಾವಣದಲ್ಲಿ ಇಡಬೇಕು, ಫಾರ್ಮಲಿನ್‌ಗೆ ಬಿದ್ದರೆ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆ ಕೆಟ್ಟಂತೆ. ಅವ್ವನ ಈ ಎರಡನೇ ಚೂರು ಮಣಿಪಾಲಕ್ಕೆ ಹೋಯಿತು. ಪರೀಕ್ಷೆಯಲ್ಲಿ ಪೊರೆಯ ಉದ್ದಕ್ಕೂ ಐಜಿಜಿ ಪ್ರತಿಕಾಯ ಮತ್ತು ಸಿ3 ಪ್ರೋಟೀನು ಹಸಿರು ಗೆರೆಯಾಗಿ ಹೊಳೆದಿದ್ದವು.

ಸಕ್ಕರೆ ಕಾಯಿಲೆಗೆ ಅವ್ವ ವಿಲ್ಡಾಗ್ಲಿಪ್ಟಿನ್ ತೆಗೆದುಕೊಳ್ಳುತ್ತಿದ್ದಳು. ಗ್ಲಿಪ್ಟಿನ್ ಮಾತ್ರೆಗಳಿಗೂ ಈ ರೋಗಕ್ಕೂ ನಂಟಿದೆ ಎಂದು ವೈದ್ಯರು ಅದನ್ನು ಬದಲಿಸಿದರು. ಈ ರೋಗಕ್ಕೆ ಕೊಡುವ ಪ್ರೆಡ್ನಿಸೊಲೋನ್ ಸಕ್ಕರೆ ಏರಿಸುವ ಮದ್ದಾದ್ದರಿಂದ ಮೊದಲಿಗೆ ಕ್ಲೊಬೆಟಸಾಲ್ ಮುಲಾಮು, ಡಾಕ್ಸಿಸೈಕ್ಲಿನ್. ಮೈಗೆಲ್ಲ ಮುಲಾಮು ಹಚ್ಚುವುದು ದಿನವೂ ನನ್ನ ಕೆಲಸವಾಯಿತು. ದೊಡ್ಡ ಗುಳ್ಳೆಯ ನೀರನ್ನು ನರ್ಸ್ ಶುದ್ಧ ಸೂಜಿಯಿಂದ ತೆಗೆದು, ಮೇಲಿನ ಚರ್ಮವನ್ನು ಹಾಗೇ ಬಿಡುತ್ತಿದ್ದರು. ಅದೇ ಗಾಯಕ್ಕೆ ಹೊದಿಕೆ.

ನನಗೆ ಅತಿ ಸಂಕಟ ಕೊಟ್ಟದ್ದು ಬೇರೆ. ಮಕ್ಕಳನ್ನು ಅವ್ವನ ಹತ್ತಿರ ಕಳಿಸಲು ನೆಂಟರು ಹೆದರಿದರು. ಇದು ಅಂಟುರೋಗವಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ, ಮಗ್ಗುಲಲ್ಲಿ ಮಲಗಿದರೆ ಬರುವುದಿಲ್ಲ.

ನಿಮ್ಮ ಮನೆಯ ಹಿರಿಯರಿಗೆ ಬಿಡದ ತುರಿಕೆ, ಎರಡೂ ಮಗ್ಗುಲಲ್ಲಿ ಬಿಗಿ ಗುಳ್ಳೆ ಕಂಡರೆ ಕೆಮ್ಮಣ್ಣಿಗೆ ದಿನ ಕಳೆಯದೆ ಚರ್ಮರೋಗ ವೈದ್ಯರ ಬಳಿ ಕರೆದೊಯ್ಯಿರಿ. ನುಂಗುತ್ತಿರುವ ಮಾತ್ರೆಗಳ ಚೀಟಿಯೆಲ್ಲ ಜೊತೆಗಿರಲಿ. ಚರ್ಮದ ಚೂರು ತೆಗೆಯುವಾಗ ಇಮ್ಯುನೊಫ್ಲೋರೆಸೆನ್ಸ್‌ಗೂ ಒಂದು ತೆಗೆಯುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ.